ಅಂಗಡಿಮನೆಯ ಊಟ

ನಮ್ಮ ಮನೆಯ ಮುಂದಿನ ಕೋಣೆ ಅಂಗಡಿಯಾದದ್ದು ನಾನು ಮೂರನೇ ಕ್ಲಾಸಿನಲ್ಲಿದ್ದಾಗ. ಅದಕ್ಕೆ ಮೊದಲು ಅಲ್ಲಿ ಅಜ್ಜಿ ಮಲಗುತ್ತಿದ್ದಳು. ಬೀದಿ ಕಡೆಯ ಗೋಡೆ ಒಡೆದು ಶಟರ್ ಹಾಕಿಸಿದರು. ಅಜ್ಜಿಯ ಮಂಚ ನಡುಮನೆಗೆ ಬಂತು, ರಾಗಿ ತುಂಬಿಡುತ್ತಿದ್ದ ಡ್ರಮ್ಮುಗಳು ಹಿತ್ತಿಲಿನ ಶೀಟಿನ ಕೆಳಗೆ ಹೋದವು. ವರ್ತೂರು ಕೆರೆಯ ಕೆಳಗೆ ನಮಗೊಂದು ತುಂಡು ಜಮೀನಿತ್ತು. ಅಪ್ಪ ಅದರಲ್ಲಿ ದಂಟು, ಪಾಲಕ್, ಕೊತ್ತಂಬರಿ, ಸಬ್ಬಸಿಗೆ ಬೆಳೆದು ಮಾರ್ಕೆಟ್ಟಿಗೆ ಹಾಕುತ್ತಿದ್ದ. ಬೆಂಗಳೂರಿನ ಕೊಳಚೆಯೆಲ್ಲ ಹರಿದು ಬಂದು ಕೋಡಿಯಲ್ಲಿ ನೊರೆ ಏಳತೊಡಗಿದ ಮೇಲೆ ಮಾರ್ಕೆಟ್ಟಿನವರು ನಮ್ಮ ಸೊಪ್ಪಿನ ಕಟ್ಟನ್ನು ಮೂಗಿಗೆ ಹಿಡಿದು ನೋಡಿ ಪಕ್ಕಕ್ಕೆ ಇಡಲು ಶುರುಮಾಡಿದರು. ಒಂದು ದಿನ ಅಪ್ಪ ಟೆಂಪೋ ತುಂಬ ಸೊಪ್ಪನ್ನು ಹಾಗೇ ವಾಪಸು ತಂದು ಹಸುವಿನ ಮುಂದೆ ಸುರಿದ. ಸ್ವಲ್ಪ ಹೊತ್ತು ನಿಂತು ನೋಡಿ, ಹಸುವಿನ ಮುಂದಿನಿಂದಲೂ ಅದನ್ನು ಬಾಚಿ ತಿಪ್ಪೆಗೆ ಎಸೆದ. ಆಮೇಲೆ ಜಮೀನಿನಲ್ಲಿ ಸಾಲಾಗಿ ಶೀಟಿನ ಮನೆಗಳೆದ್ದವು, ಬಾಡಿಗೆಯವರು ಬಂದರು. ಬೇಸಾಯಗಾರನಾಗಿದ್ದ ಅಪ್ಪ ಓನರ್ ಆದ. ಅಂದರೆ ಬೆಳಗ್ಗೆ ಎದ್ದು ಮಾಡುವುದಕ್ಕೆ ಏನೂ ಇಲ್ಲದವನಾದ. ಬಾಡಿಗೆಯವರಿಗೆ ದಿನಸಿ ಬೇಕಲ್ಲ ಅಂತ ಅಮ್ಮ ಅಂಗಡಿ ತೆರೆದಳು.

ಬಾಡಿಗೆಯವರಲ್ಲಿ ಒಡಿಶಾದವರಿದ್ದರು, ರಾಯಚೂರಿನವರಿದ್ದರು, ಧರ್ಮಪುರಿ ಕಡೆಯ ತಮಿಳರಿದ್ದರು. ಗಂಡಸರು ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ, ವೈಟ್‌ಫೀಲ್ಡಿನ ಕಂಪನಿಗಳ ಗೇಟು ಕಾಯುವುದಕ್ಕೆ ಹೋಗುತ್ತಿದ್ದರು. ಹೆಂಗಸರು ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸಕ್ಕೆ ಹೋಗುತ್ತಿದ್ದರು. ಅಷ್ಟು ಹೊತ್ತು ದುಡಿದು ಬಂದವರಿಗೆ ಒಲೆ ಹಚ್ಚಿ ಕೂರುವ ತ್ರಾಣ ಎಲ್ಲಿಂದ ಬರಬೇಕು? ಅಮ್ಮ ಮೊದಮೊದಲು ಅಕ್ಕಿ, ಬೇಳೆ, ರಾಗಿಹಿಟ್ಟು ಇಟ್ಟಿದ್ದಳು. ಕೊನೆಗೆ ಓಡಿದ್ದು ನೂಡಲ್ಸು, ಬನ್ನು, ಬ್ರೆಡ್ಡು, ಚಿಪ್ಸು, ಬಿಸ್ಕತ್ತು, ಬಣ್ಣಬಣ್ಣದ ಕೂಲ್‌ಡ್ರಿಂಕು. ಶಟರಿನ ಮೇಲುಗಡೆ ಕಂಬಿಯಿಂದ ಪ್ಯಾಕೆಟ್ಟುಗಳ ಸರ ಇಳಿಬಿಟ್ಟಿರುತ್ತಿದ್ದಳು. ಗಾಳಿ ಬೀಸಿದರೆ ಅವು ಚರಚರ ಅನ್ನುತ್ತಿದ್ದವು. ಶಾಲೆ ನಮ್ಮ ಬೀದಿಯ ಕೊನೆಯಲ್ಲೇ ಇತ್ತಾದ್ದರಿಂದ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮಕ್ಕಳು ಮುಗಿಬೀಳುತ್ತಿದ್ದರು.

ವ್ಯಾನಿನವನು ವಾರಕ್ಕೊಮ್ಮೆ ಬಂದು ಮಾಲು ಇಳಿಸಿ ಹೋಗುತ್ತಿದ್ದ. ಡೇಟು ಹತ್ತಿರ ಬಂದು ಉಳಿದದ್ದನ್ನು ಮಾತ್ರ ಅವನು ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಅದು ನಡುಮನೆಗೆ ಬರುತ್ತಿತ್ತು. ಅಮ್ಮ ಸೆರಗಿನಲ್ಲಿ ತುಂಬಿಕೊಂಡು ಬಂದು ನಮ್ಮ ಮುಂದೆ ಸುರಿದು ಹೇಳುತ್ತಿದ್ದಳು:

‘ನಾಳೆಗೆ ಡೇಟ್ ಮುಗೀತದೆ. ಬಿಸಾಕೋಕಾಯ್ತದಾ? ತಿಂದ್ಬಿಡ್ರಪ್ಪ.’

ನಮ್ಮ ಮನೆಯ ಊಟ ಬದಲಾದದ್ದು ಹೀಗೆ, ಯಾರೂ ತೀರ್ಮಾನ ಮಾಡದೆ. ಬೆಳಗಿನ ಅಂಬಲಿ ಹೋಗಿ ಟೀ-ಬನ್ನು ಬಂತು. ಸಂಜೆ ಶಾಲೆಯಿಂದ ಬಂದರೆ ಉಳಿದ ಚಿಪ್ಸು, ಮೆತ್ತಗಾದ ಕ್ರೀಮ್ ಬಿಸ್ಕತ್ತು. ಮುದ್ದೆ ರಾತ್ರಿಗೆ ಮಾತ್ರ ಉಳಿಯಿತು, ಅದೂ ಅಮ್ಮ ಅಂಗಡಿ ಬಿಟ್ಟು ಬರುವುದು ತಡವಾದರೆ ನೂಡಲ್ಸಾಗುತ್ತಿತ್ತು. ಹಳೆಯ ಊಟವೇ ಚೆಂದವಿತ್ತು, ನಾವು ಕಣ್ಣೀರಿಟ್ಟೆವು ಅಂತ ಬರೆದರೆ ಸುಳ್ಳಾಗುತ್ತದೆ. ಎಲ್ಲರಿಗೂ ಖುಷಿಯೇ ಆಗಿತ್ತು. ಹಲ್ಲಿಲ್ಲದ ಅಜ್ಜಿ ಬನ್ನನ್ನು ಟೀಯಲ್ಲಿ ಅದ್ದಿ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ‘ಇದ್ನ ಕಂಡ್ ಇಡ್ದೋನ್ ಪುಣ್ಯಾತ್ಮ’ ಅನ್ನುತ್ತಿದ್ದಳು. ರುಬ್ಬಿ, ಬೀಸಿ, ಮುದ್ದೆ ತಿರುವಿ ಬೆನ್ನು ಬಗ್ಗಿಸಿಕೊಂಡ ಹೆಂಗಸಿಗೆ ಪ್ಯಾಕೆಟ್ಟು ಹರಿದರೆ ಸಿಗುವ ತಿಂಡಿ ದೇವರು ಕೊಟ್ಟದ್ದೇ ಇರಬೇಕು.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನನ್ನ ಅಣ್ಣ ಸೀನ. ಅವನು ನನಗಿಂತ ಮೂರು ಕ್ಲಾಸು ಮುಂದಿದ್ದ. ಹುಟ್ಟಿನಿಂದಲೇ ಗುಂಡಗಿದ್ದವನು ಅಂಗಡಿ ಬಂದ ಮೇಲೆ ಇನ್ನೂ ದಪ್ಪಗಾದ. ಮನೆಯಲ್ಲಿ ಅದು ಯಾರಿಗೂ ಚಿಂತೆಯ ವಿಷಯವಾಗಿರಲಿಲ್ಲ. ನೆಂಟರು ಬಂದರೆ ಅವನ ಕೆನ್ನೆ ಹಿಂಡಿ, ಸೇಟು ಮಗ ಇದ್ದಂಗವ್ನೆ ಅನ್ನುವರು, ಅಪ್ಪನ ಮುಖ ಅರಳುತ್ತಿತ್ತು. ಅಪ್ಪ ಚಿಕ್ಕವನಿದ್ದಾಗ ಅವರ ಮನೆಯಲ್ಲಿ ಒಲೆ ಹಚ್ಚದ ದಿನಗಳಿದ್ದವಂತೆ. ಊಟಕ್ಕೆ ಕೂತಾಗ ತನ್ನ ತಟ್ಟೆಯಿಂದ ತೆಗೆದು ಸೀನನ ತಟ್ಟೆಗೆ ಹಾಕುವುದು ಅಪ್ಪನಿಗೆ ಪೂಜೆಯ ಹಾಗೆ ನಡೆಯಬೇಕಿತ್ತು. ನನ್ನ ತಟ್ಟೆಗೆ ಹಾಕುತ್ತಿರಲಿಲ್ಲ. ನನಗೆ ಅದರ ಬಗ್ಗೆ ಆಗ ಹೊಟ್ಟೆಕಿಚ್ಚಿತ್ತು.

ಆದರೆ ಸೀನನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಅವನು ಯಾರ ಮಾತನ್ನು ಬೇಕಾದರೂ ಹಾಗೆಯೇ ಆಡಿ ತೋರಿಸುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಬಾಡಿಗೆಯವರೆಲ್ಲ ಒಬ್ಬೊಬ್ಬರಾಗಿ ಅವನ ಬಾಯಲ್ಲಿ ಬರುತ್ತಿದ್ದರು: ಅಪಾರ್ಟ್‌ಮೆಂಟಿನ ವಾಚ್‌ಮನ್ ಆಗಿದ್ದ ಒಡಿಶಾದ ಬಿಪಿನ್ ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಸೋಪು ಕೇಳುವುದು, ರಾಯಚೂರಿನ ಅಕ್ಕ ಗಂಡನನ್ನು ಬೈಯುವುದು, ವ್ಯಾನಿನವನು ಗಂಟಲು ಕೆರೆದು ಲೆಕ್ಕ ಹೇಳುವುದು. ಅಜ್ಜಿ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದಳು. ಅಮ್ಮ, ‘ಸಾಕ್ ಸುಮ್ಕಿರೋ, ಅವ್ರ್ ಕೇಳ್ಸ್ಕಂಡಾರು’ ಅನ್ನುತ್ತಲೇ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನಾನು ನೆನಪಿಸಿಕೊಳ್ಳುವ ಮನೆ ಅದೇ. ನಲವತ್ತು ಕ್ಯಾಂಡಲ್ಲಿನ ಬಲ್ಬು, ನಡುಮನೆಯ ಕೆಂಪು ಗಾರೆ ನೆಲ, ಸುತ್ತ ಕೂತ ನಾವು, ನಡುವೆ ಊರಿಗೆ ಬಂದ ಎಲ್ಲ ದೇಶದವರ ದನಿ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದರು. ನಗರದ ಯಾವುದೋ ಆಸ್ಪತ್ರೆಯಿಂದ ಬಂದಿದ್ದರು. ಮಕ್ಕಳಲ್ಲಿ ಬೊಜ್ಜು ಹೆಚ್ಚಾಗುತ್ತಿದೆ, ಈಗಲೇ ತಡೆಯಬೇಕು ಅಂತ ಅವರ ಉದ್ದೇಶ. ತಂಡದ ಮುಖ್ಯಸ್ಥೆ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರ್. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಎಲ್ಲರನ್ನೂ ‘ಪುಟ್ಟಾ’ ಅಂತ ಮಾತಾಡಿಸುತ್ತಿದ್ದರು. ಧ್ವಜದ ಕಂಬದ ಹತ್ತಿರ ತೂಕದ ಮೆಷಿನ್ ಇಟ್ಟು ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೇ ಹತ್ತಿದಂತೆ ಡ್ರಿಲ್ ಮಾಸ್ಟರು ತೂಕವನ್ನು ಕೂಗಿ ಹೇಳುವರು, ಇನ್ನೊಬ್ಬರು ಬರೆದುಕೊಳ್ಳುವರು. ಆಮೇಲೆ ಅಂಗಿಗೆ ಒಂದು ರಿಬ್ಬನ್ ಪಿನ್ನು ಮಾಡುವರು. ಸರಿಯಾಗಿರುವವರಿಗೆ ಹಸಿರು, ಬಡಕಲಾಗಿರುವವರಿಗೆ ಹಳದಿ, ದಪ್ಪಗಿರುವವರಿಗೆ ಕೆಂಪು. ನನಗೆ ಹಳದಿ ಬಂತು. ಸೀನನ ಸರದಿ ಬಂದಾಗ ಡ್ರಿಲ್ ಮಾಸ್ಟರು ತೂಕ ಕೂಗಿ, ನಂಬಿಕೆಯಾಗದವರ ಹಾಗೆ ಇನ್ನೊಂದು ಸಲ ಬಗ್ಗಿ ನೋಡಿ, ಮತ್ತೆ ಕೂಗಿದರು. ಸಾಲಿನಲ್ಲಿ ನಗು ಎದ್ದಿತು. ಡಾಕ್ಟರ್ ‘ನಗಬಾರದು’ ಅಂದರು. ಅದರಿಂದ ನಗು ಇನ್ನೂ ಜೋರಾಯಿತು. ಒಂದೇ ಮನೆಯಲ್ಲಿ ಒಂದೇ ಅನ್ನ ತಿಂದ ನಮ್ಮಿಬ್ಬರಲ್ಲಿ ಒಬ್ಬಳ ಎದೆಯ ಮೇಲೆ ಹಳದಿ, ಒಬ್ಬನ ಎದೆಯ ಮೇಲೆ ಕೆಂಪು.

ಅಲ್ಲಿಗೇ ಮುಗಿದಿದ್ದರೆ ಅವನು ಮರೆಯುತ್ತಿದ್ದನೋ ಏನೋ. ಕೊನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಡಾಕ್ಟರ್ ಕೈಯಲ್ಲಿ ಒಂದು ಚಿಪ್ಸ್ ಪ್ಯಾಕೆಟ್ಟು ಹಿಡಿದು, ಅದರಲ್ಲಿ ಎಷ್ಟು ಎಣ್ಣೆ, ಎಷ್ಟು ಉಪ್ಪು ಇರುತ್ತದೆಂದು ಚೆನ್ನಾಗಿಯೇ ವಿವರಿಸಿದರು. ಆಮೇಲೆ ಕೇಳಿದರು:

‘ಇದನ್ನೆಲ್ಲ ಎಲ್ಲಿಂದ ತಗೋತೀರಾ ಪುಟ್ಟಾ?’

‘ಸೀನನ ಅಂಗಡಿ ಮೇಡಂ!’ ಇಡೀ ಶಾಲೆ ಒಂದೇ ದನಿಯಲ್ಲಿ ಕೂಗಿತು.

ಎಲ್ಲರೂ ತಿರುಗಿ ಅವನನ್ನು ನೋಡಿದರು. ಡಾಕ್ಟರೂ ನೋಡಿದರು. ಅವರಿಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಅವರ ಮುಖ ಕೆಂಪಾದದ್ದನ್ನು ನಾನು ಕಂಡೆ. ಸೀನ ತಲೆ ಬಗ್ಗಿಸಲಿಲ್ಲ. ಮುಖದ ತುಂಬ ಒಂದು ನಗು ಇಟ್ಟುಕೊಂಡು ಕೂತಿದ್ದ. ಆ ನಗು ಅವನ ಮುಖದಿಂದ ಸಂಜೆಯವರೆಗೂ ಇಳಿಯಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಅವನು ಡ್ರಿಲ್ ಮಾಸ್ಟರಾದ. ಮೆಷಿನ್ ಬಗ್ಗಿ ನೋಡಿ, ಕಣ್ಣುಜ್ಜಿ, ತನ್ನ ತೂಕವನ್ನು ಅವರದೇ ಗಂಟಲಲ್ಲಿ ಎರಡು ಸಲ ಕೂಗಿದ. ಆಮೇಲೆ ಡಾಕ್ಟರಾಗಿ ‘ಇದನ್ನೆಲ್ಲ ಎಲ್ಲಿಂದ ತಗೋತೀರಾ ಪುಟ್ಟಾ?’ ಅಂದ. ಅಷ್ಟು ಚೆನ್ನಾಗಿ ಬಂತೆಂದರೆ ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ಏನಾಗಿದೆಯೆಂದು ಗೊತ್ತಿಲ್ಲದ ಅಜ್ಜಿಯೂ ನಕ್ಕಳು. ಊಟ ಮುಗಿಸಿ ನಾನು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಅವನು ರಾಗಿ ಡ್ರಮ್ಮಿನ ಹಿಂದೆ ನಿಂತು ತಿಂದದ್ದನ್ನೆಲ್ಲ ಕಕ್ಕುತ್ತಿದ್ದ. ‘ಅಮ್ಮಂಗೆ ಹೇಳ್ಬೇಡ ಕಣೇ’ ಅಂದ. ನಾನು ಚೊಂಬಿನಲ್ಲಿ ನೀರು ತಂದು ಕೊಟ್ಟೆ. ನಮ್ಮ ನಡುಮನೆಯಲ್ಲಿ ಅವನು ಇನ್ನೊಬ್ಬರ ದನಿಯಲ್ಲಿ ಮಾತಾಡಿದ್ದು ಅದೇ ಕೊನೆ.

ಡಾಕ್ಟರ್ ಮಾತ್ರ ಅಲ್ಲಿಗೆ ಬಿಡಲಿಲ್ಲ. ಅದೇ ವಾರ ಅವರೇ ಅಂಗಡಿಗೆ ಬಂದರು. ಅಮ್ಮ ಸ್ಟೂಲು ಒರೆಸಿ ಕೊಟ್ಟಳು. ಮೊದಲು ಶಾಲೆಯಲ್ಲಿ ಆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಅಂದರು. ಆಮೇಲೆ ಸೀನನ ತೂಕ ಹೀಗೇ ಏರಿದರೆ ಮೀಸೆ ಮೂಡುವ ಹೊತ್ತಿಗೆ ಸಕ್ಕರೆ ಕಾಯಿಲೆ ಬರಬಹುದು, ಎದೆಗೆ ತೊಂದರೆಯಾಗಬಹುದು ಅಂತ ನಿಧಾನವಾಗಿ ಬಿಡಿಸಿ ಹೇಳಿದರು. ಇವತ್ತು ನಾನು ಶಾಲಾಮಕ್ಕಳ ಊಟ, ತೂಕ ನೋಡುವ ಕೆಲಸದಲ್ಲಿದ್ದೇನೆ. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ ಅಂತ ನನಗೀಗ ಗೊತ್ತು.

‘ಶಾಲೆ ಪಕ್ಕದಲ್ಲಿ ಈ ಪ್ಯಾಕೆಟ್‌ಗಳು ಬೇಡಮ್ಮ. ಬಾಳೆಹಣ್ಣು ಇಡಿ, ಕಡ್ಲೆಕಾಯಿ ಇಡಿ. ಮಕ್ಕಳು ಅದನ್ನೇ ತಿಂತಾರೆ.’

‘ಬಾಳೆಅಣ್ಣು ನಾಕ್ ದಿನಕ್ ಕಪ್ಪಾಯ್ತದೆ ಮೇಡಂ. ಕಪ್ಪಾಗಿದ್ನ ಯಾರ್ ತಕ್ಕೊಂತಾರೆ?’

‘ಕಷ್ಟ ಅಂತ ಗೊತ್ತು. ಆದ್ರೂ ಒಂದ್ಸಲ ನೋಡಿ. ನಿಮ್ಮ ಮಗನಿಗೋಸ್ಕರ ಆದ್ರೂ.’

‘ನಿಮ್ಮ ಮಗನಿಗೋಸ್ಕರ’ ಅನ್ನುವ ಮಾತು ಅಮ್ಮನಿಗೆ ಚುಚ್ಚಿತು. ಡಾಕ್ಟರ್ ಹೊರಡುವಾಗ, ಬಾಗಿಲಲ್ಲಿ ಕೂತಿದ್ದ ಅಪ್ಪನ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿ, ಇವರಿಗಾಗಲೇ ಸಕ್ಕರೆ ಇದೆ ಅಂದರು. ಅಪ್ಪ ನಕ್ಕುಬಿಟ್ಟ. ಗೆಯ್ಯುವಾಗ ಬಾರದ್ದು ಈಗ ಕೂತಲ್ಲಿಗೇ ಬಂತಾ ಅಂದ.

ಅಮ್ಮ ನಿಜವಾಗಿಯೂ ಪ್ರಯತ್ನ ಮಾಡಿದಳು. ಇದನ್ನು ಬರೆಯಲೇಬೇಕು, ಯಾಕೆಂದರೆ ಆಮೇಲೆ ಊರಿನಲ್ಲಿ ಎಲ್ಲರೂ ಅವಳನ್ನೇ ದೂರಿದರು. ಕಂಬಿಯಿಂದ ಪ್ಯಾಕೆಟ್ಟಿನ ಸರಗಳನ್ನು ಇಳಿಸಿದಳು. ಬೆಳಗ್ಗೆ ಎದ್ದು ಕಡ್ಲೆಕಾಯಿ ಬೇಯಿಸಿದಳು, ಹೆಸರುಕಾಳು ಮೊಳಕೆ ಕಟ್ಟಿ ಉಸಲಿ ಮಾಡಿದಳು, ನೆಲ್ಲಿಕಾಯಿಗೆ ಉಪ್ಪು ಖಾರ ಹಚ್ಚಿ ಬಾಟಲಿಗೆ ತುಂಬಿದಳು. ಬಾಳೆಗೊನೆ ಬಾಗಿಲಲ್ಲಿ ತೂಗಿತು. ಹೆಡ್‌ಮಾಸ್ಟರು ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಮೊದಲ ವಾರ ಮಕ್ಕಳು ಹೊಸದೆಂದು ತಿಂದರು. ಎರಡನೇ ವಾರ ಶಾಲೆಯ ಗೇಟಿನ ಎದುರಿಗೇ, ರಸ್ತೆಯ ಆ ಕಡೆ, ಒಂದು ಬೇಕರಿ ಶುರುವಾಯಿತು. ಅದರ ಮುಂದೆ ನಮ್ಮಲ್ಲಿದ್ದ ಸರಗಳಿಗಿಂತ ಉದ್ದದ ಸರಗಳು ತೂಗಿದವು. ನಮ್ಮ ಉಸಲಿ ಮಧ್ಯಾಹ್ನದ ಹೊತ್ತಿಗೆ ಹಳಸುತ್ತಿತ್ತು. ಬಾಳೆಹಣ್ಣು ಅವಳು ಹೇಳಿದ ಹಾಗೇ ಕಪ್ಪಾಯಿತು. ಬಾಡಿಗೆಯವರು ಕೂಡ ನೂಡಲ್ಸಿಗೆ ಬೇಕರಿಗೆ ಹೋಗತೊಡಗಿದರು. ಒಂದು ಸಂಜೆ ಅಪ್ಪ ಅಂಗಡಿಯ ಬಾಗಿಲಲ್ಲಿ ನಿಂತು ಕೂಗಾಡಿದ:

‘ನಾನು ಬೆಳ್ದಿದ್ದ ಸೊಪ್ಪೂ ತಿಪ್ಪೆಗೋಯ್ತು, ನೀನು ಬೇಯ್ಸಿದ್ದೂ ತಿಪ್ಪೆಗೋಯ್ತಾ ಐತೆ. ಇನ್ನೆಷ್ಟ್ ದಿನ ಈ ಸೇವೆ?’

‘ಡಾಕ್ಟರಮ್ಮ ಏಳವ್ರೆ. ಮಗೀಗ್ ಒಳ್ಳೇದಂತೆ.’

‘ಡಾಕ್ಟರಮ್ಮ ಆ ಬೇಕ್ರಿಯೋನ್ಗೂ ಏಳವ್ರಾ?’

ಅವರು ಅವನಿಗೂ ಹೇಳಿದ್ದರು. ಅವನು ಹೂಂ ಅಂದು ಕಳಿಸಿದ್ದ. ಅಮ್ಮ ಮಾರನೆಯ ದಿನ ಸರಗಳನ್ನು ಮತ್ತೆ ಏರಿಸಿದಳು. ಡಾಕ್ಟರ್ ಮುಂದಿನ ಸಲ ಬಂದಾಗ ಅದನ್ನು ನೋಡಿ ಹಾಗೇ ಮುಂದೆ ಹೋದರು. ಆಮೇಲೆ ಅವರಿಗೆ ಬೇರೆ ಕಡೆ ವರ್ಗವಾಯಿತೋ, ಕಾರ್ಯಕ್ರಮವೇ ನಿಂತಿತೋ, ಮತ್ತೆ ಯಾರೂ ಬರಲಿಲ್ಲ.

ಬೀದಿಯಲ್ಲಿ ಸೋತದ್ದನ್ನು ಅಮ್ಮ ಮನೆಯೊಳಗೆ ಗೆಲ್ಲಲು ಹೊರಟಳು. ಅಂಗಡಿ ಮತ್ತು ನಡುಮನೆಯ ನಡುವಿನ ಬಾಗಿಲಿಗೆ ಚಿಲಕ ಹಾಕಿಸಿದಳು. ಸೀನನಿಗೆ ಒಂದು ಚಿಕ್ಕ ತಟ್ಟೆ ತಂದಳು. ನಮಗೆಲ್ಲ ಬಡಿಸಿದ ಮೇಲೆ ಅವನಿಗೆ ಬಡಿಸುವಾಗ ಅವಳ ಸೌಟು ಪಾತ್ರೆಯ ಅಂಚಿನಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು. ಸೌಟು ನಿಂತ ಕೂಡಲೇ ಎಲ್ಲರ ಮಾತೂ ನಿಲ್ಲುತ್ತಿತ್ತು. ಅವನು ಎರಡನೇ ಸಲ ಕೇಳಿದರೆ ಅಮ್ಮ ಕೇಳಿಸದವಳಂತೆ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದಳು. ಡೇಟು ಮುಗಿಯುವ ಪ್ಯಾಕೆಟ್ಟು ಆಗಲೂ ಬರುತ್ತಿತ್ತು. ಅದು ನನಗೆ. ಹಳದಿ ರಿಬ್ಬನ್ನಿನವಳು ಮೈ ತುಂಬಿಕೊಳ್ಳಲಿ ಅಂತ. ಅವನೆದುರಿಗೆ ಕೂತು ಕ್ರೀಮ್ ಬಿಸ್ಕತ್ತು ತಿನ್ನುವುದು ಹೇಗಿರುತ್ತದೆಂದು ನನಗೆ ಗೊತ್ತು. ಅವನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದ. ಅಜ್ಜಿ ಯಾರೂ ಕಾಣದಂತೆ ತನ್ನ ಬನ್ನಿನಲ್ಲಿ ಅರ್ಧ ಮುರಿದು ಅವನ ಅಂಗಿಯ ಜೇಬಿಗೆ ತುರುಕುತ್ತಿದ್ದಳು.

ಡಾಕ್ಟರ್ ಓಡು ಅಂತಲೂ ಹೇಳಿದ್ದರಲ್ಲ, ಅದನ್ನೂ ಅವನು ಮಾಡಿ ನೋಡಿದ. ಎಲ್ಲಿ ಓಡುವುದು? ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಕಣಕ್ಕೆ ಲೇಔಟಿನವರು ಬೇಲಿ ಹಾಕಿದ್ದರು. ಕೆರೆ ಏರಿಯ ಮೇಲೆ ಹೋದರೆ ವಾಸನೆಗೆ ತಲೆ ತಿರುಗುತ್ತಿತ್ತು. ರಸ್ತೆಯ ತುಂಬ ನೀರಿನ ಟ್ಯಾಂಕರು, ಕಾಂಕ್ರೀಟ್ ಲಾರಿ. ಬೈಕಿನ ಹುಡುಗರು ಅವನನ್ನು ದಾಟುವಾಗ ಹಾರ್ನ್ ಹೊಡೆದು ಕೂಗಿ ಹೋಗುತ್ತಿದ್ದರು. ನಮ್ಮ ಬಾಡಿಗೆಯ ಬಿಪಿನ್ ಇದನ್ನು ನೋಡಿ, ತಾನು ಕಾಯುವ ಅಪಾರ್ಟ್‌ಮೆಂಟಿನ ಒಳಗೆ ಬೆಳಗ್ಗೆ ಓಡಲು ಬಿಟ್ಟ. ಅಲ್ಲಿ ಹುಲ್ಲಿನ ನಡುವೆ ಅದಕ್ಕೆಂದೇ ಮಾಡಿದ ದಾರಿಯಿತ್ತು. ಕೆಲವು ದಿನ ಸೀನ ಬೆವರು ಸುರಿಸಿಕೊಂಡು, ಕಣ್ಣು ಹೊಳೆಸಿಕೊಂಡು ಮನೆಗೆ ಬಂದ. ‘ಅಲ್ಲಿ ಯಾರೂ ನನ್ನ ನೋಡಲ್ಲ ಕಣೇ ರತ್ನಿ, ಎಲ್ರೂ ಅವರವರ ಪಾಡಿಗೆ ಓಡ್ತಾರೆ’ ಅಂದ. ಆಮೇಲೆ ಯಾರೋ ನೋಡಿದರು. ಹೊರಗಿನ ಹುಡುಗ ಒಳಗೆ ಬರುತ್ತಾನೆಂದು ಅಲ್ಲಿಯ ನಿವಾಸಿಗಳ ಸಂಘದಲ್ಲಿ ದೂರಾಯಿತು. ಬಿಪಿನ್ ಅಂಗಡಿಯ ಮುಂದೆ ನಿಂತು, ಅಮ್ಮನ ಮುಖ ನೋಡಲಾರದೆ ಹೇಳಿದ:

‘ಸೀನಾ ಕೋ ಬೇಡ ಬೋಲೋ ಅಕ್ಕ. ನನ್ನ ಡ್ಯೂಟಿ ಚಲಾ ಜಾಯೇಗಾ.’

ಈ ಮಾತನ್ನು ಸೀನ ಒಳಗಿನಿಂದ ಕೇಳಿಸಿಕೊಂಡ. ಹಳೆಯ ಸೀನನಾಗಿದ್ದರೆ ರಾತ್ರಿ ಊಟಕ್ಕೆ ಅದು ಬರುತ್ತಿತ್ತು.

ಅದೇ ವರ್ಷ ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಅಪ್ಪ ಅಟ್ಟ ಹತ್ತಿದ. ಹಳೆಯ ಸೊಪ್ಪಿನ ಬುಟ್ಟಿಗಳ ಒಳಗೆ, ಮಡಿಚಿ ಮಡಿಚಿ ಒತ್ತಿಟ್ಟ ಖಾಲಿ ಪ್ಯಾಕೆಟ್ಟುಗಳು ಬುಟ್ಟಿ ತುಂಬ ಇದ್ದವು. ಚಿಲಕ ಹಾಕಿದ ಬಾಗಿಲನ್ನು ಸೀನ ಹೇಗೆ ತೆಗೆಯುತ್ತಿದ್ದನೋ, ಬೇಕರಿಯಿಂದಲೇ ತರುತ್ತಿದ್ದನೋ, ಯಾರೂ ಕೇಳಲಿಲ್ಲ. ಅಪ್ಪ ಬುಟ್ಟಿಯನ್ನು ಅವನ ತಲೆಯ ಮೇಲೆ ಬೋರಲು ಹಾಕಿ ಹೊಡೆದ. ಅಪ್ಪ ನಮ್ಮನ್ನು ಹೊಡೆದವನೇ ಅಲ್ಲ. ಹೊಡೆಯುವುದು ಹೇಗೆಂದೂ ಅವನಿಗೆ ಗೊತ್ತಿರಲಿಲ್ಲ. ಕೈ ಎಲ್ಲೆಲ್ಲೋ ಬೀಳುತ್ತಿತ್ತು. ಸೀನ ತಡೆಯಲಿಲ್ಲ, ಅಳಲಿಲ್ಲ, ಸುಣ್ಣ ಚೆಲ್ಲಿದ ನೆಲದ ಮೇಲೆ ಕೂತೇ ಇದ್ದ. ಅಜ್ಜಿ ಮಂಚದಿಂದ ಇಳಿಯಲಾರದೆ ಅಲ್ಲಿಂದಲೇ ಕಿರುಚಿದಳು:

‘ಒಡೀಬ್ಯಾಡ ಕಣೋ! ತಿಂದಿದ್ಕೆ ಮಗೀನ ಯಾರಾನಾ ಒಡೀತಾರಾ?’

ಅಪ್ಪನ ಕೈ ನಿಂತಿತು. ಅವನು ಅಜ್ಜಿಯ ಮಂಚದ ಕಾಲ ಹತ್ತಿರ ಹೋಗಿ ಕುಸಿದು ಕೂತ.

‘ಇವನ ವಯಸ್ನಾಗೆ ನಾನು ಒಟ್ಟೆಗಿಲ್ದೆ ಅಳ್ತಿದ್ನಲ್ಲವ್ವಾ. ನನ್ ಮಗ ತಿಂದ ಅಂತ ಇವತ್ತ್ ನಾನೇ ಒಡೆದ್ನಲ್ಲವ್ವಾ.’

ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟಳು. ಮಗನೂ ಮೊಮ್ಮಗನೂ ಒಂದೇ ಕೋಣೆಯಲ್ಲಿ, ಬೇರೆ ಬೇರೆ ಮೂಲೆಯಲ್ಲಿ ಕೂತಿದ್ದರು. ನಾನು ನಡುವೆ ಬಿದ್ದಿದ್ದ ಪ್ಯಾಕೆಟ್ಟುಗಳನ್ನು ಆರಿಸಿ ಬುಟ್ಟಿಗೆ ತುಂಬಿದೆ. ಆ ಹಬ್ಬಕ್ಕೆ ಅಮ್ಮ ಕಜ್ಜಾಯ ಮಾಡಿದಳು. ಯಾರೂ ಸೀನನಿಗೆ ತಿನ್ನು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವನು ‘ನಂಗೇನೂ ಬೇಡ’ ಅಂದು ಎದ್ದುಹೋದ. ಅಂದಿನಿಂದ ಅದು ಅವನ ಮಾತಾಯಿತು. ಏನು ಕೊಟ್ಟರೂ ಮೊದಲು ‘ಬೇಡ’. ನಮ್ಮೆದುರಿಗೆ ಅವನು ಪಕ್ಷಿಯ ಹಾಗೆ ತಿನ್ನುತ್ತಿದ್ದ, ಮೈ ಮಾತ್ರ ಬೆಳೆಯುತ್ತಲೇ ಹೋಯಿತು.

ಅಜ್ಜಿ ಮರುವರ್ಷ ಹೋದಳು. ಸೀನ ಹತ್ತನೇ ಕ್ಲಾಸು ಮುಗಿಸಿ ಅಂಗಡಿಯಲ್ಲಿ ಕೂತ. ನಾನು ಓದಿದೆ. ಆಹಾರ, ಆರೋಗ್ಯ ಅಂತಲೇ ಓದಿದೆ. ಯಾಕೆಂದು ಸಂದರ್ಶನಗಳಲ್ಲಿ ಕೇಳಿದಾಗ ಏನೇನೋ ಹೇಳಿದ್ದೇನೆ. ನಿಜವಾದ ಕಾರಣ ಆ ಚಿಕ್ಕ ತಟ್ಟೆ. ಈಗ ನಾನು ಶಾಲೆಗಳಿಗೆ ಹೋದಾಗ ಮಕ್ಕಳನ್ನು ಒಬ್ಬೊಬ್ಬರನ್ನೇ ಕೋಣೆಯೊಳಗೆ ಕರೆದು ತೂಗುತ್ತೇನೆ, ತೂಕವನ್ನು ಬಾಯಲ್ಲಿ ಹೇಳುವುದಿಲ್ಲ. ಅಡುಗೆಯವರ ಹತ್ತಿರ, ಹತ್ತಿರದ ಅಂಗಡಿಯವರ ಹತ್ತಿರ, ಪಂಚಾಯಿತಿಯವರ ಹತ್ತಿರ ಕೂತು ಮಾತಾಡುತ್ತೇನೆ. ಒಮ್ಮೊಮ್ಮೆ ಏನೋ ಒಂದಿಷ್ಟು ಬದಲಾಗುತ್ತದೆ, ಎಷ್ಟೋ ಸಲ ಎದುರುಗಡೆ ಇನ್ನೊಂದು ಬೇಕರಿ ತೆರೆಯುತ್ತದೆ.

ಅಪ್ಪನ ಸಕ್ಕರೆ ಅವನ ಕಾಲಿನ ಎರಡು ಬೆರಳನ್ನು ತೆಗೆದುಕೊಂಡಿತು. ಸೀನನಿಗೂ ಸಕ್ಕರೆ ಬಂತು, ಆ ಡಾಕ್ಟರ್ ಹೇಳಿದ್ದ ವಯಸ್ಸಿಗೇ. ಯಾರೋ ಹೇಳಿದ ಮಾತ್ರೆಯನ್ನು ಮೆಡಿಕಲ್ಲಿನಿಂದ ತಂದು ನುಂಗುತ್ತಿದ್ದ, ಆಸ್ಪತ್ರೆಗೆ ಮಾತ್ರ ಹೋಗುತ್ತಿರಲಿಲ್ಲ. ಹೆಣ್ಣು ನೋಡಲು ಒಂದೆರಡು ಮನೆಗೆ ಹೋಗಿ ಬಂದವನು ಮೂರನೆಯದಕ್ಕೆ ಬರಲಿಲ್ಲ. ಕಳೆದ ಯುಗಾದಿಗೆ ನಾನು ಊರಿಗೆ ಹೋದಾಗ ಅವನು ಅಂಗಡಿಯ ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಕೈಯಿಟ್ಟು ನಿಂತದ್ದನ್ನು ನೋಡಿದೆ.

‘ಅಣ್ಣ, ನಾಳೇನೇ ಹೋಗಿ ತೋರಿಸ್ಕೊಂಡ್ ಬರೋಣ. ನಾನೂ ಬರ್ತೀನಿ ನಡಿ.’

‘ಹೋದ ತಕ್ಷಣ ಏನ್ ಮಾಡ್ತಾರೆ ಹೇಳು? ಮೆಷಿನ್ ಮೇಲೆ ಹತ್ತು ಅಂತಾರೆ. ಜ್ವರ ಅಂದ್ರೂ ಅದೇ, ಕಾಲು ಉಳುಕಿದೆ ಅಂದ್ರೂ ಅದೇ. ಎಲ್ರ ಮುಂದೆ ಕೂಗ್ತಾರೆ ಕಣೇ.’

‘ಈಗ ಹಂಗೆಲ್ಲ ಕೂಗಲ್ಲ ಅಣ್ಣ. ನಾನೇ ಅದೇ ಕೆಲಸದಲ್ಲಿದೀನಿ, ನಂಗೊತ್ತಿಲ್ವಾ?’

‘ಕೂಗ್ದೇ ಇದ್ರೂ ನಂಗೆ ಕೇಳ್ಸುತ್ತೆ ರತ್ನಿ.’

ನಾನು ಅತ್ತೆ, ಬೈದೆ, ಆಟೋ ಕರೆದು ಬಾಗಿಲಲ್ಲಿ ನಿಲ್ಲಿಸಿದೆ. ಅವನು ನಗುತ್ತಾ ಆಟೋದವನಿಗೆ ಒಂದು ಟೀ ಕೊಟ್ಟು ಕಳಿಸಿದ. ಮುಂದಿನ ವಾರ ಬರುತ್ತೇನೆ, ಖಂಡಿತ ಬರುತ್ತೇನೆ ಅಂದ. ನನಗೆ ಗೊತ್ತಿದ್ದ ಒಬ್ಬ ಒಳ್ಳೆಯ ಡಾಕ್ಟರಿಗೆ ಹೇಳಿ, ತೂಕ ನೋಡದೆ ಮೊದಲು ಎದೆ ನೋಡಿ ಅಂತ ಒಪ್ಪಿಸಿ, ದಿನ ಗೊತ್ತುಮಾಡಿದೆ. ಆ ದಿನಕ್ಕೆ ಮುಂಚೆಯೇ ಒಂದು ಬೆಳಗ್ಗೆ ಶಟರ್ ಎತ್ತಿದವನು ಹಾಗೇ ಅಕ್ಕಿ ಮೂಟೆಯ ಮೇಲೆ ಕೂತನಂತೆ. ಸುಸ್ತಾಗಿರಬೇಕೆಂದು ಅಮ್ಮ ಟೀ ತರಲು ಒಳಗೆ ಹೋದಳಂತೆ. ಶಾಲೆಗೆ ಹೋಗುವ ಮಕ್ಕಳು ಬಂದು, ಅಣ್ಣಾ, ಅಣ್ಣಾ ಅಂತ ಕೂಗಿ, ಆಮೇಲೆ ಅಮ್ಮನನ್ನು ಅಜ್ಜೀ ಅಂತ ಕೂಗಿದರಂತೆ. ಟೀ ಲೋಟ ಹಿಡಿದು ಬಂದ ಅಮ್ಮನಿಗೆ, ಅವನು ಮಲಗಿದ್ದಾನೆ ಅಂತಲೇ ಅನ್ನಿಸಿತಂತೆ. ನಾನು ಬಂದು ಮುಟ್ಟುವಷ್ಟರಲ್ಲಿ ಅವನು ತಣ್ಣಗಾಗಿದ್ದ. ಹೊರಲು ಬಾಡಿಗೆಯವರೆಲ್ಲ ಬಂದಿದ್ದರು. ಯಾರೋ ಒಬ್ಬ, ಇನ್ನಿಬ್ಬರು ಬೇಕು, ಭಾರ ಜಾಸ್ತಿ ಅಂದ. ತಲೆ ನರೆತ ಬಿಪಿನ್ ಅವನ ಬಾಯಿಯ ಮೇಲೆ ಕೈ ಇಟ್ಟು, ತಾನೇ ಮುಂದೆ ಬಂದು ಹೆಗಲು ಕೊಟ್ಟ.

ಹನ್ನೊಂದನೆಯ ದಿನ ಎಡೆ ಇಡಬೇಕಿತ್ತು. ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಗೆ ಬಡಿಸುವುದು ನಮ್ಮಲ್ಲಿಯ ಪದ್ಧತಿ. ಅಜ್ಜಿಗೆ ಟೀ-ಬನ್ನು ಇಟ್ಟಿದ್ದೆವು, ಯಾರಿಗೂ ಯೋಚಿಸುವ ಅಗತ್ಯ ಬಿದ್ದಿರಲಿಲ್ಲ. ಬೆಳಗ್ಗೆ ಸ್ನಾನ ಮಾಡಿ ಒದ್ದೆ ಕೂದಲಿನಲ್ಲಿ ಅಮ್ಮ ಅಡುಗೆಮನೆಗೆ ಬಂದಳು. ಒಲೆಯ ಮುಂದೆ ನಿಂತು ನನ್ನನ್ನು ಕೇಳಿದಳು:

‘ಏನ್ ಮಾಡ್ಲೇ ರತ್ನಿ? ಅವನ್ಗೇನ್ ಇಷ್ಟ?’

ಬೇಡದ್ದೇನೆಂದು ನನಗೆ ಗೊತ್ತಿತ್ತು, ಅವನು ತಿನ್ನಬಾರದ್ದೇನೆಂದು ಉದ್ದಕ್ಕೆ ಹೇಳಬಲ್ಲವಳಾಗಿದ್ದೆ. ಇಷ್ಟವಾದದ್ದು ಯಾವುದು? ಅವನು ನಮ್ಮೆದುರಿಗೆ ಇಷ್ಟಪಟ್ಟು ತಿಂದು ಎಷ್ಟು ವರ್ಷವಾಗಿತ್ತು? ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದ ಅಪ್ಪನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಮೂವರು ಸೇರಿ ಒಂದು ಸಾರಿನ ಹೆಸರು, ಒಂದು ಪಲ್ಯದ ಹೆಸರು ಹೇಳಲಾರದೆ ಹೋದೆವು.

ಕೊನೆಗೆ ಅಮ್ಮ ಅನ್ನ, ಅವರೆಕಾಳು ಸಾರು ಮಾಡಿದಳು, ಮುದ್ದೆ ತಿರುವಿದಳು, ಹಪ್ಪಳ ಕರಿದಳು, ಪಾಯಸ ಮಾಡಿದಳು. ನಡುಮನೆಯಲ್ಲಿ ಗೋಡೆಗೆ ಆನಿಸಿಟ್ಟಿದ್ದ ಅವನ ಫೋಟೋದ ಮುಂದೆ ದೊಡ್ಡ ಬಾಳೆಎಲೆ ಹಾಸಿದೆವು. ಅಮ್ಮ ಮಂಡಿಯೂರಿ ಕೂತು ಬಡಿಸತೊಡಗಿದಳು. ಅನ್ನ ಹಾಕಿದಳು, ಮತ್ತೆ ಹಾಕಿದಳು. ಎಲೆಯ ನಡುವೆ ಅನ್ನ ಗುಡ್ಡೆಯಾಯಿತು, ಸಾರು ಅಂಚಿನವರೆಗೆ ಹರಿದು ನೆಲಕ್ಕಿಳಿಯಿತು. ನೆಂಟರಲ್ಲೊಬ್ಬರು ‘ಸಾಕಮ್ಮ, ಎಡೆಗೆ ಅಷ್ಟೆಲ್ಲ ಬೇಡ’ ಅಂದರು. ಅವಳಿಗೆ ಕೇಳಿಸಲಿಲ್ಲ. ಸೌಟನ್ನು ಮತ್ತೆ ಪಾತ್ರೆಯಲ್ಲಿ ಅದ್ದಿ ತುಂಬಿಸಿ ಮೇಲೆತ್ತಿ, ಫೋಟೋದ ಹತ್ತಿರ ಬಾಗಿ, ಊಟಕ್ಕೆ ಕೂತ ಹುಡುಗನನ್ನು ಕೇಳುವ ದನಿಯಲ್ಲೇ ಕೇಳಿದಳು:

‘ಸಾಕಾ ಮಗಾ? ಇನ್ನೊಂದ್ಚೂರ್ ಆಕ್ಲಾ?’